ಕೆರೆಯಲ್ಲೊಬ್ಬ ಮ್ಯಾನೇಜರ್

ನನ್ನ ಕ್ವಾರ್ಟರ್ಸಿಗೆ ಕಾಲಿಂಗ್ ಬೆಲ್ ಇಲ್ಲ. ಅದರ ಬದಲು ಮೀನಿನ ಅಲಾರಂ ಇದೆ. ಗಾಳ ಹಾಕಿ ಕೂತವರು ರಾಡಿನ ಕೆಳಗೆ ಇಟ್ಟುಕೊಳ್ಳುವ ಪುಟ್ಟ ಪೆಟ್ಟಿಗೆ ಅದು. ದಾರ ಅಲುಗಿದರೆ ಕೀಂಯ್ ಎಂದು ಕೂಗಿ ಹಸಿರು ದೀಪ ಹತ್ತಿಸುತ್ತದೆ. ಕೆರೆಯ ದಂಡೆಯಲ್ಲಿ ಅದು ಗಾಳಿಗೆ ಕೂಗಿತು, ತರಗೆಲೆಗೆ ಕೂಗಿತು, ನಾನು ಸೀನಿದ್ದಕ್ಕೂ ಕೂಗಿತು. ಮೀನಿಗೆ ಮಾತ್ರ ಕೂಗಲಿಲ್ಲ. ಕಡೆಗೆ ಅದನ್ನು ತಂದು ಜಗಲಿಯ ಕಂಬಕ್ಕೆ ಕಟ್ಟಿ, ಗಾಳದ ದಾರವನ್ನು ಗೇಟಿನವರೆಗೆ ಎಳೆದೆ. ಯಾರಾದರೂ ಗೇಟು ತೆರೆದರೆ ಒಳಗಿರುವ ನನಗೆ ಗೊತ್ತಾಗಬೇಕು ಎಂಬುದು ಯೋಜನೆ. ಯೋಜನೆಯಲ್ಲಿ ದೋಷವೇನೂ ಇಲ್ಲ. ಗೇಟು ತೆರೆಯುವವರು ಇಲ್ಲ, ಅಷ್ಟೆ. ಇವತ್ತು ಬೆಳಿಗ್ಗೆ ಅದು ಕೂಗಿತು. ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಓಡಿದೆ; ಓಡುವ ದಾರಿಯಲ್ಲಿ ಕನ್ನಡಿ ನೋಡಿ ಕೂದಲನ್ನೂ ಸರಿಮಾಡಿಕೊಂಡೆ. ದಾರದ ಮೇಲೆ ಒಂದು ಪಿಕಳಾರ ಹಕ್ಕಿ ಕೂತಿತ್ತು. ನಾನು ಅದನ್ನು ನೋಡಿದೆ, ಅದು ನನ್ನನ್ನು ನೋಡಿತು. ಅದೂ ಬೇರೆ ಯಾರನ್ನೋ ನಿರೀಕ್ಷಿಸುತ್ತಿದ್ದಂತೆ ಕಂಡಿತು.

ನಾನು ನೆಲ್ಯಹುದಿಕೇರಿ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್. ಅಮ್ಮ ಇದನ್ನು ಊರಲ್ಲಿ ಹೆಮ್ಮೆಯಿಂದ ಹೇಳಿಕೊಂಡಾಗ, ದೂರದ ನೆಂಟರೊಬ್ಬರು ನಾನು ಕಾದಂಬರಿ ಬರೆಯುತ್ತೇನೆಂದು ತಿಳಿದು, ಊಟಕ್ಕೇನು ಮಾಡುತ್ತಾನೆ ಪಾಪ ಎಂದರಂತೆ. ನಾನು ಬರೆಯುವುದು ಆಳುಗಳ ಹಾಜರಿ, ಗೊಬ್ಬರದ ಚೀಲ, ಕುಯ್ದ ಹಣ್ಣಿನ ತೂಕ. ವಾರವಿಡೀ ಸುತ್ತ ಜನವೋ ಜನ. ಭಾನುವಾರ ಬಂತೆಂದರೆ ಲೈನ್ ಮನೆಗಳ ಆಳುಗಳೆಲ್ಲ ಸಂತೆಗೆ ಇಳಿಯುತ್ತಾರೆ, ಸಾಹುಕಾರರು ಮಡಿಕೇರಿಗೆ ಹತ್ತುತ್ತಾರೆ. ಎಸ್ಟೇಟಿನಲ್ಲಿ ಉಳಿಯುವುದು ನಾನು, ಕಾಫಿ ಗಿಡ, ಮತ್ತು ಫೋನಿನಲ್ಲಿ ಆನೆ ಎಲ್ಲಿದೆ ಎಂದು ತಿಳಿಸುವ ವಾಟ್ಸಾಪ್ ಗ್ರೂಪು. ಆ ಗ್ರೂಪಿನಲ್ಲಿ ಆನೆ ಎದ್ದದ್ದು, ತಿಂದದ್ದು, ಯಾವ ಕಡೆ ತಿರುಗಿದ್ದು ಎಲ್ಲವನ್ನೂ ವಿಚಾರಿಸುತ್ತಾರೆ. ಒಮ್ಮೊಮ್ಮೆ ಹೊಟ್ಟೆಕಿಚ್ಚಾಗುತ್ತದೆ.

ಊರು ದೂರವೇನಲ್ಲ, ಕುಶಾಲನಗರದ ಪಕ್ಕ. ಹೋದರೆ ಅಮ್ಮ ಕೋಳಿ ಕುಯ್ಯಿಸುತ್ತಾಳೆ. ಆದರೆ ಕೋಳಿಯ ಸಾರಿನ ಜೊತೆ ಯಾವುದಾದರೂ ಹುಡುಗಿಯ ಕಡೆಯವರು ಏನು ಹೇಳಿ ಬೇಡವೆಂದರು ಎಂಬ ವರದಿಯನ್ನೂ ಬಡಿಸುತ್ತಾಳೆ. ಈಚೆಗೆ ಎಲ್ಲ ವರದಿಯೂ ಒಂದೇ ಕಡೆ ಬಂದು ನಿಲ್ಲುತ್ತದೆ. "ಎರೆಹುಳ ಹಿಡ್ಕಂಡು ನಿಂತಿರೋ ಫೋಟೋನ ಯಾಕ್ಲಾ ಹಾಕ್ತೀಯ ಫೋನಲ್ಲಿ? ಹೆಣ್ ಕೊಡೋರು ನೋಡಾಕಿಲ್ವಾ?" ಹಾಗಾಗಿ ನಾನು ಊರಿಗೆ ಹೋಗುವುದನ್ನು ಹಬ್ಬಗಳಿಗೆ ಮೀಸಲಿಟ್ಟೆ.

ಒಬ್ಬನೇ ಕೂರುವುದಕ್ಕೂ ಒಂದು ನೆಪ ಬೇಕು. ನೀವು ಸುಮ್ಮನೆ ಕೆರೆಯ ದಂಡೆಯ ಮೇಲೆ ಕೂತು ನೀರು ನೋಡುತ್ತಿದ್ದರೆ ದಾರಿಯಲ್ಲಿ ಹೋಗುವವರು, ಏನಾಯ್ತು ರೈಟ್ರೇ, ಮೈಗೆ ಹುಷಾರಿಲ್ಲವಾ ಎನ್ನುತ್ತಾರೆ. ಅದೇ ಕೈಯಲ್ಲೊಂದು ಗಾಳವಿದ್ದರೆ, ಏನ್ ಸಿಕ್ತು ಎನ್ನುತ್ತಾರೆ. ಎರಡನೆಯ ಪ್ರಶ್ನೆಗೆ ಉತ್ತರ ಸುಲಭ: ಏನೂ ಇಲ್ಲ. ನಿಜ ಹೇಳಿದರೆ ಮೊದಲನೆಯದಕ್ಕೂ ಅದೇ ಉತ್ತರ, ಆದರೆ ಅದನ್ನು ಹೇಳುವಾಗ ನಾನು ನೀರಿನ ಕಡೆ ತಿರುಗಿಕೊಳ್ಳುತ್ತೇನೆ.

ಮೊದಲು ಹೀಗಿರಲಿಲ್ಲ. ಮೊದಲು ಶಫಿ ಇದ್ದ.

ಶಫಿಗೆ ನೆಲ್ಯಹುದಿಕೇರಿಯಲ್ಲಿ ಮೊಬೈಲ್ ರಿಪೇರಿಯ ಅಂಗಡಿ. ಒಂದು ಗೋಡೆಗೆ ಫೋನಿನ ಕವರು, ಎದುರಿನ ಗೋಡೆಗೆ ಗಾಳ, ದಾರ, ರಾಡು. ಎರಡಕ್ಕೂ ಗಿರಾಕಿ ಒಂದೇ ಜಾತಿಯವರು, ಇದ್ದಕ್ಕಿದ್ದಂತೆ ಏನೋ ಕಳಕೊಂಡು ಬರುವವರು ಎಂದು ಅವನೇ ಹೇಳುತ್ತಿದ್ದ. ಒಡೆದ ಡಿಸ್‌ಪ್ಲೇ ಹಾಕಿಸಲು ಹೋದ ನಾನು ಅವನ ಗೆಳೆಯನಾಗಿ ಬಂದೆ. ಎರಡು ವರ್ಷ ಭಾನುವಾರ ಎಂದರೆ ನಾವಿಬ್ಬರೂ ನಮ್ಮ ಎಸ್ಟೇಟಿನ ಕೆರೆಯ ದಂಡೆಯಲ್ಲಿ. ಹೊಳೆಗೆ ಇಳಿದರೆ ಅನುಮತಿ, ಗಾರ್ಡು ಎಂದು ನೂರು ತಕರಾರು. ಕೆರೆಗೆ ಸಾಹುಕಾರರ ಒಂದು ತಲೆಯಾಡಿಕೆ ಸಾಕಿತ್ತು. ಸ್ಪ್ರಿಂಕ್ಲರಿಗೆ ನೀರು ಎತ್ತಲೆಂದು ತೋಡಿದ ಆಳದ ಕೆರೆ, ಸುತ್ತ ಸಿಲ್ವರ್ ಓಕ್. ಸಿಗುತ್ತಿದ್ದದ್ದು ಬಹುಪಾಲು ಜಿಲೇಬಿ ಮೀನು. ಗಾಳ ಹಾಕುವವನು ನಾನು, ಸಿಕ್ಕಿಸಿಕೊಳ್ಳುವವನೂ ನಾನು, ಬಿಡಿಸುವವನು ಶಫಿ. ನನ್ನ ಗಾಳ ಮೀನಿನ ತುಟಿಗಿಂತ ನನ್ನ ಅಂಗಿಯ ಕಾಲರಿಗೇ ಹೆಚ್ಚು ಸಿಕ್ಕಿದೆ. ಅವನು ಸೂಕ್ಷ್ಮವಾದ ಇಕ್ಕಳದಲ್ಲಿ, ಫೋನಿನೊಳಗಿನ ತಂತಿ ಬಿಡಿಸುವಷ್ಟೇ ಮೆಲ್ಲಗೆ, ಅದನ್ನು ಬಿಡಿಸುತ್ತಿದ್ದ. ಬಿಡಿಸುವಾಗ ಮಾತಾಡುತ್ತಿರಲಿಲ್ಲ. ಬಿಡಿಸಿಯಾದ ಮೇಲೆ ಬೈಯುತ್ತಿದ್ದ.

ಮೀನು ಹಿಡಿಯುವುದರಲ್ಲಿ ನಾನು ಹುಟ್ಟಾ ದಡ್ಡ ಎನ್ನಲು ಪುರಾವೆಗಳಿವೆ. ನಮ್ಮ ತಾತ ಹಾಸನದ ಕಡೆಯಿಂದ ಬಂದು ಹಾರಂಗಿ ನಾಲೆಯ ಬದಿಯಲ್ಲಿ ನೆಲೆ ನಿಂತವರು. ನಾಲೆಯ ನೀರು ನಿಲ್ಲಿಸಿದ ದಿನ ಊರಿನ ಮಕ್ಕಳಿಗೆಲ್ಲ ಜಾತ್ರೆ. ಅಲ್ಲಲ್ಲಿ ಉಳಿದ ಗುಂಡಿಗಳಲ್ಲಿ ಮೀನು ಪಟಪಟ ಎನ್ನುತ್ತಿದ್ದವು. ಟವೆಲ್ಲು, ಸೊಳ್ಳೆ ಪರದೆ, ಅಮ್ಮನ ಹಳೆ ಸೀರೆ ಎಲ್ಲ ಬಲೆಯಾಗುತ್ತಿದ್ದವು. ಅಷ್ಟು ಮೀನಿನ ನಡುವೆ ನಾನು ಹಿಡಿದದ್ದು ನನ್ನದೇ ಇನ್ನೊಂದು ಕಾಲನ್ನು. ಹಿಡಿದೆ ಹಿಡಿದೆ ಎಂದು ಕೂಗಿ ಎತ್ತಿ, ಕೆಸರಿಗೆ ಬೆನ್ನು ಹಾಕಿ ಬಿದ್ದೆ. ಮುಂದೆ ಬಿದಿರ ಕಡ್ಡಿಯ ಗಾಳ ಕಲಿತಾಗ ತೇಲುವ ಬೆಂಡಿಗಾಗಿ ಹವಾಯಿ ಚಪ್ಪಲಿ ಕತ್ತರಿಸಬೇಕಿತ್ತು. ನಾನು ಮನೆಯಲ್ಲಿದ್ದ ಎಡಗಾಲಿನ ಚಪ್ಪಲಿಗಳನ್ನೇ ಆರಿಸಿಕೊಂಡೆ, ಬಲಗಾಲಿನವು ಉಳಿದಿವೆಯಲ್ಲ, ಯಾರಿಗೂ ನಷ್ಟವಿಲ್ಲ ಎಂದು. ಅಪ್ಪ ಆ ಬಲಗಾಲಿನವುಗಳಿಂದಲೇ ನನಗೆ ಲೆಕ್ಕ ಕಲಿಸಿದರು.

ಇರಲಿ. ಶಫಿಗೆ ಮದುವೆಯಾಯಿತು. ನಾನೇ ಮುಂದೆ ನಿಂತು ಬಿರಿಯಾನಿ ಬಡಿಸಿದೆ. ಹುಡುಗಿ ಸಬೀರಾ, ವಿರಾಜಪೇಟೆಯವಳು, ಅಮ್ಮನಿಗೆ ಒಬ್ಬಳೇ ಮಗಳು. ಮದುವೆಯ ಮರುವಾರದಿಂದ ಶಫಿಯ ಭಾನುವಾರ ವಿರಾಜಪೇಟೆಗೆ ಹೋಯಿತು. ಜಗಳವಿಲ್ಲ, ಮುನಿಸಿಲ್ಲ. ಅಂಗಡಿ ಮುಚ್ಚುವ ದಿನ ಅದೊಂದೇ, ಅವಳು ತಾಯಿಯನ್ನು ನೋಡುವ ದಿನವೂ ಅದೊಂದೇ. ಇದೆಲ್ಲ ನನಗೆ ಅರ್ಥವಾಗುತ್ತಿತ್ತು. ಅರ್ಥವಾದ ಮೇಲೂ ಭಾನುವಾರ ಬೆಳಿಗ್ಗೆ ಎರಡು ಲೋಟ ಚಹಾಕ್ಕೆ ನೀರಿಡುತ್ತಿದ್ದೆ. ಮೀನು ಸಿಗದಿದ್ದರೆ ಹೋಗಲಿ, ನನಗೆ ಬೇಕಾಗಿದ್ದದ್ದು ಶಫಿಯ ಒಂದು ಭಾನುವಾರ.

ಆಗ ಶುರುವಾಯಿತು ನನ್ನ ಸಾಮಾನು ತರಿಸುವ ಹುಚ್ಚು. ಶಫಿಯ ಅಂಗಡಿಯಲ್ಲೇ ಒಂದು ರಾಡು ಕೊಂಡರೆ ಒಂದು ಸಲ ಹೋಗಿ ಬಂದು ಮುಗಿಯುತ್ತದೆ. ಆನ್‌ಲೈನಿನಲ್ಲಿ ತರಿಸಿದರೆ ಹಾಗಲ್ಲ. ಆನೆಗೆ ಹೆದರಿ ಕೊರಿಯರಿನವರು ಎಸ್ಟೇಟಿಗೆ ಬರುವುದಿಲ್ಲ, ಹಾಗಾಗಿ ಪಾರ್ಸೆಲ್ಲಿಗೆ ಶಫಿಯ ಅಂಗಡಿಯ ವಿಳಾಸ. ಬಂತಾ ಎಂದು ಕೇಳಲು ಹೋಗಬಹುದು, ಇನ್ನೂ ಬರಲಿಲ್ಲವಲ್ಲ ಎಂದು ಬೈಯಲು ಹೋಗಬಹುದು, ಬಂದಾಗ ಬಿಚ್ಚಲು ಹೋಗಬಹುದು, ಕೆಟ್ಟಾಗ ತೋರಿಸಲು ಹೋಗಬಹುದು. ನನ್ನ ಕೈಗೆ ಬಂದ ಸಾಮಾನು ಕೆಡುವುದು ಖಂಡಿತ.

"ನನ್ನ ಅಂಗಡೀಲಿ ಇರೋದನ್ನ ಬಿಟ್ಟು ನನ್ನ ಅಡ್ರೆಸ್ಸಿಗೇ ತರಿಸ್ತೀಯಲ್ಲ, ನಿನಗೆ ಎಂಥ ಕೊಬ್ಬು ಮಾರಾಯ," ಎಂದ ಶಫಿ.

ಮೊದಲು ಬಂದದ್ದು ರಾಡು. ಜಾಹೀರಾತಿನಲ್ಲಿ ಹೆವಿ, ಪವರ್ ಎಂಬ ಪದ ಕಂಡು ಆರಿಸಿದ್ದೆ. ಅದು ಸಮುದ್ರದ ದಡದಲ್ಲಿ ನಿಂತು ಅಲೆಯಾಚೆ ಎಸೆಯುವವರ ರಾಡು. ನನಗಿಂತ ಎರಡಾಳು ಉದ್ದ. ಬಸ್ಸಿನಲ್ಲಿ ತರುವಾಗ ಅದರ ತುದಿ ಡ್ರೈವರ್ ಪಕ್ಕದಲ್ಲಿತ್ತು, ಬುಡ ಹಿಂದಿನ ಸೀಟಿನಲ್ಲಿ ನನ್ನ ಜೊತೆಗಿತ್ತು. ನಡುವಿನ ಪ್ರಯಾಣಿಕರೆಲ್ಲ ಅದನ್ನೇ ಕಂಬಿ ಎಂದು ಹಿಡಿದುಕೊಂಡು ನಿಂತಿದ್ದರು. ಕೆರೆಯಲ್ಲಿ ಮೊದಲ ಸಲ ಎಸೆದಾಗ ಗಾಳ ಕೆರೆಯನ್ನು ಪೂರಾ ದಾಟಿ ಆಚೆ ದಂಡೆಯ ಸಿಲ್ವರ್ ಓಕಿಗೆ ಸಿಕ್ಕಿತು. ಎಳೆದೆಳೆದು ಕೊಂಬೆ ಬಿಲ್ಲಾದಾಗ ಕೈಸೋತು ರಾಡನ್ನು ಬಿಟ್ಟುಬಿಟ್ಟೆ. ಮರ ಅದನ್ನು ಎಳಕೊಂಡು ನೇತುಹಾಕಿಕೊಂಡಿತು.

ಆಮೇಲೆ, ನನ್ನ ಹಳೆಯ ರಾಡಿಗೆಂದು, ಒಂದು ಹೊಸ ರೀಲು. ರಾಡಿನ ಕೆಳಗೆ ನೇತಾಡಬೇಕಾದದ್ದನ್ನು ನಾನು ಮೇಲೆ ಕೂರಿಸಿ, ಹಿಡಿಯನ್ನು ಹಿಂದಕ್ಕೆ ತಿರುಗಿಸುತ್ತ, ಕಂಪನಿಯವರು ಎಡಗೈಯವರಿಗಾಗಿ ಮಾಡಿದ್ದಾರೆ ಎಂದು ಶಫಿಗೆ ದೂರು ಕೊಟ್ಟೆ. ಅವನು ರಾಡನ್ನು ನನ್ನ ಕೈಯಲ್ಲೇ ತಲೆಕೆಳಗು ಮಾಡಿ, ಈಗ ತಿರುಗಿಸು ಎಂದ. ತಿರುಗಿತು. ದಾರ ಸುರುಳಿ ಸುತ್ತಿಕೊಂಡು ಗೀಜಗನ ಗೂಡಿನಂತಾದಾಗ ಅದನ್ನು ಬಿಡಿಸಲು ನಮಗೆ ಒಂದು ಇಡೀ ಸಂಜೆ ಬೇಕಾಯಿತು. ದಾರ ತುಂಬಿಸುವಾಗ ಉಂಡೆ ಎತ್ತ ಸುತ್ತುತ್ತದೋ ಅತ್ತಲೇ ರೀಲೂ ಸುತ್ತಬೇಕು, ಇಲ್ಲದಿದ್ದರೆ ಹುರಿ ಬೀಳುತ್ತದೆ ಎಂದು ಅವನು ವಿವರಿಸಿದ. ನಾನು ಚೆನ್ನಾಗಿ ಕೇಳಿಸಿಕೊಂಡೆ, ಮುಂದಿನ ವಾರ ಮತ್ತೆ ತಪ್ಪಾಗಿಯೇ ಸುತ್ತಿದೆ. ಅದೊಂದು ಒಳ್ಳೆಯ ಸಂಜೆಯಾಗಿತ್ತು, ನೋಡಿ.

ಕೊನೆಗೆ ಬಂದದ್ದು ಮೀನು ತೋರಿಸುವ ಯಂತ್ರ. ನಿಂಬೆಹಣ್ಣಿಗಿಂತ ತುಸು ದೊಡ್ಡ ಬಿಳಿ ಚೆಂಡು. ದಾರಕ್ಕೆ ಕಟ್ಟಿ ನೀರಿಗೆ ಎಸೆದರೆ ಅದು ತೇಲುತ್ತ ಕೆಳಕ್ಕೆ ಸದ್ದು ಕಳಿಸಿ, ತಿರುಗಿ ಬಂದದ್ದನ್ನು ಕೇಳಿಸಿಕೊಂಡು, ಆಳ ಎಷ್ಟು, ಮೀನು ಎಲ್ಲಿ ಎಂದು ಫೋನಿಗೆ ಚಿತ್ರ ಕಳಿಸುತ್ತದೆ. ನನ್ನ ಚೆಂಡು ಹತ್ತಲೇ ಇಲ್ಲ. ಗುಂಡಿಯೂ ಇಲ್ಲ. ಚಾರ್ಜು ಹಾಕಿದೆ, ಉಜ್ಜಿದೆ, ಕಿವಿಯ ಹತ್ತಿರ ಅಲ್ಲಾಡಿಸಿದೆ, ಕೊನೆಗೆ ಕೆಟ್ಟಿದೆ ಎಂದು ಸಂತೋಷದಿಂದಲೇ ಶಫಿಯ ಬಳಿ ಒಯ್ದೆ. ಅವನು ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿಕೊಂಡು ತಿರುಗಿಸಿ ನೋಡಿ, ತಾನು ಕುಡಿಯಲು ಇಟ್ಟಿದ್ದ ನೀರಿನ ಲೋಟದೊಳಗೆ ಅದನ್ನು ಹಾಕಿದ. ದೀಪ ಹತ್ತಿತು. ನೀರು ಮುಟ್ಟಿದರೆ ಮಾತ್ರ ಏಳುವ ಯಂತ್ರವಂತೆ. ಬೇರೆ ಯಾರಾದರೂ ಆಗಿದ್ದರೆ ಅದನ್ನು ಮೊದಲು ಕೆರೆಗೆ ಎಸೆಯುತ್ತಿದ್ದರು. ನೀರಿನ ಸಾಮಾನು ನೆನೆದು ಹಾಳಾದೀತೆಂದು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟವನು ನಾನೊಬ್ಬನೇ ಇರಬೇಕು.

ಎರಡನೆಯ ತೊಂದರೆ ನಮ್ಮ ಎಸ್ಟೇಟಿನದೇ. ಫೋನಿನ ಆ್ಯಪ್ ತೆರೆಯಲು ಓಟಿಪಿ ಬೇಕು. ನಮ್ಮಲ್ಲಿ ನೆಟ್‌ವರ್ಕು ಸಿಗುವುದು ಕಾಫಿ ಒಣಗಿಸುವ ಕಣದ ಮೂಲೆಯಲ್ಲಿ ಮಾತ್ರ. ಕೆರೆ ಇರುವುದು ಗುಡ್ಡದ ಕೆಳಗೆ. ಚೆಂಡು ನೀರಿಗೆ ಹಾಕಿ, ಕಣಕ್ಕೆ ಓಡಿ, ಓಟಿಪಿ ಬಾಯಿಪಾಠ ಮಾಡಿಕೊಂಡು ಕೆಳಗೆ ಓಡಿ ಬರುವಷ್ಟರಲ್ಲಿ ಅದರ ಆಯುಸ್ಸು ಮುಗಿದಿರುತ್ತಿತ್ತು. ಸಂತೆಯಿಂದ ಬೇಗ ಮರಳಿದ ಹೆಂಗಸರು ನನ್ನನ್ನು ಕಂಡು, ಆನೆ ಬಂತೆಂದು ತಿಳಿದು ತಾವೂ ಓಡಿದರು. ಕಸ್ಟಮರ್ ಕೇರಿಗೆ ಫೋನ್ ಮಾಡಿದೆ. ಆ ಹುಡುಗಿ ಸಮಸ್ಯೆ ಕೇಳಿ, ಸರ್ ನೀವು ಗುಡ್ಡ ಬದಲಾಯಿಸಲು ಸಾಧ್ಯವೇ ಎಂಬ ಅರ್ಥದಲ್ಲಿ ಏನೋ ಹೇಳಿದಳು. ಕೊನೆಗೆ, ಇನ್ನೇನಾದರೂ ಸಹಾಯ ಬೇಕೇ ಎಂದು ಕೇಳಿದಳು. ಅಷ್ಟು ಮರ್ಯಾದೆಯಿಂದ ನನ್ನನ್ನು ಹಾಗೆ ಕೇಳಿದವರು ಬಹಳ ದಿನದಿಂದ ಯಾರೂ ಇರಲಿಲ್ಲ. ಯೋಚಿಸಿ ಹೇಳುತ್ತೇನೆ ಎಂದೆ.

"ಎಡಾ, ಕಣದಲ್ಲೇ ಲಾಗಿನ್ ಆಗಿ ಆಮೇಲೆ ಇಳಿ," ಎಂದು ಶಫಿ ಪರಿಹಾರ ಹೇಳಿದ. "ಕೆರೆಗೆ ಬಂದ್ಮೇಲೆ ಡೇಟಾ ಆಫ್ ಮಾಡು, ಇಲ್ಲಾಂದ್ರೆ ಫೋನು ಚೆಂಡಿನ ವೈಫೈ ಬಿಟ್ಟು ಬಿಟ್ಟು ಓಡ್ತದೆ. ಮೀನಿಗೆ ಓಟಿಪಿ ಬೇಡ."

ಹಾಗೆ ಮಾಡಿದೆ. ಆ ಭಾನುವಾರ ನನಗೆ ಮ್ಯಾನೇಜರ್ ಸಿಕ್ಕಿದರು.

ಪರದೆಯ ಮೇಲೆ ಮೊದಲು ಕಂಡದ್ದು ಮೀನೇ ಮೀನು. ಕೆರೆಯಲ್ಲಿ ನೀರಿಗೆ ಜಾಗವೇ ಇಲ್ಲವೇನೋ ಎಂಬಷ್ಟು. ಸೂಕ್ಷ್ಮತೆ ಹೆಚ್ಚಿಟ್ಟರೆ ಜೊಂಡು, ಗುಳ್ಳೆ, ಕಸ ಎಲ್ಲವೂ ಮೀನಾಗಿ ಕಾಣುತ್ತದೆ ಎಂದು ಓದಿದ್ದೆ, ಹಾಗಾಗಿ ಕಮ್ಮಿ ಮಾಡುತ್ತ ಬಂದೆ. ಒಂದೊಂದೇ ಅಳಿಸಿಹೋದವು. ಒಂದು ಮಾತ್ರ ಉಳಿಯಿತು. ಕೆರೆಯ ಬಡಗಣ ಮೂಲೆ, ಆಳದ ತಳಕ್ಕೆ ಸ್ವಲ್ಪ ಮೇಲೆ, ದಪ್ಪಗೆ, ಗಂಭೀರವಾಗಿ. ಮುಂದಿನ ಭಾನುವಾರವೂ ಅಲ್ಲೇ. ಅದರ ಮುಂದಿನದೂ ಅಲ್ಲೇ. ನಮ್ಮ ಹಿಂದಿನ ಮ್ಯಾನೇಜರು ಹೀಗೆಯೇ ಇದ್ದರು: ಸದಾ ಒಂದೇ ಜಾಗ, ಏನು ಹಾಕಿದರೂ ಬಾಯಿ ಬಿಡುತ್ತಿರಲಿಲ್ಲ. ಹಾಗಾಗಿ ಆ ಹೆಸರು. ಎರೆಹುಳ ಹಾಕಿದೆ, ರಾಗಿ ಮುದ್ದೆಗೆ ಸೋಂಪು ಬೆರೆಸಿ ಉಂಡೆ ಕಟ್ಟಿ ಹಾಕಿದೆ. ಮ್ಯಾನೇಜರ್ ಮುಟ್ಟಲಿಲ್ಲ. ಬೇಸರವಾಗಲಿಲ್ಲ. ನಾನು ಬಂದಾಗಲೆಲ್ಲ ಇದ್ದಲ್ಲೇ ಇರುವ ಒಂದು ಜೀವ ಆ ಎಸ್ಟೇಟಿನಲ್ಲಿ ಇದೆಯಲ್ಲ ಎಂದು, ಗಾಳ ಹಾಕದೆಯೂ ಚೆಂಡು ಬಿಟ್ಟು ನೋಡುತ್ತ ಕೂರುವ ಅಭ್ಯಾಸವಾಯಿತು. ವಾರದ ಸುದ್ದಿಯನ್ನೂ ಹೇಳುತ್ತಿದ್ದೆ. ನಗಬೇಡಿ.

ಪರದೆಯ ಫೋಟೋ ತೆಗೆದು ಶಫಿಗೆ ತೋರಿಸಿದೆ. ಅವನು ರಿಪೇರಿಯ ಫೋನನ್ನು ಪಕ್ಕಕ್ಕಿಟ್ಟ. ಮದುವೆಯಾದ ಮೇಲೆ ಅವನ ಕಣ್ಣಲ್ಲಿ ಆ ಹೊಳಪನ್ನು ನಾನು ನೋಡಿರಲಿಲ್ಲ.

"ಕಾಟ್ಲಾ ಇರ್ಬೇಕು ಮಾರಾಯ. ದೊಡ್ಡ ಸಾಹುಕಾರ್ರ ಕಾಲದಲ್ಲಿ ಮರಿ ಬಿಟ್ಟಿದ್ರು ಅಂತ ಕೇಳಿದ್ದೆ. ಅದ್ರಲ್ಲಿ ಒಂದು ಉಳ್ಕೊಂಡಿದ್ರೆ ಈಗ ಎಷ್ಟು ದೊಡ್ಡದು ಉಂಟು ಗೊತ್ತುಂಟಾ?" ಎದುರಿನ ಗೋಡೆಯ ರಾಡುಗಳ ಕಡೆ ನೋಡಿ, "ಈ ಭಾನುವಾರ ಬರ್ತೇನೆ," ಎಂದ.

ಆ ವಾರ ನಾನು ಹಾಜರಿಯಲ್ಲಿ ಯಾರನ್ನೂ ಗೈರು ಬರೆಯಲಿಲ್ಲ. ಇಬ್ಬರು ಬಂದೇ ಇರಲಿಲ್ಲ ಎಂದು ಆಮೇಲೆ ತಿಳಿಯಿತು. ಕೆರೆಯ ದಂಡೆ ಗುಡಿಸಿದೆ. ಕೆರೆಯ ದಂಡೆಯನ್ನು ಗುಡಿಸಿದ ಮೊದಲ ಮನುಷ್ಯ ನಾನೇ ಇರಬೇಕು. ಆಫೀಸಿನಿಂದ ಎರಡು ಪ್ಲಾಸ್ಟಿಕ್ ಕುರ್ಚಿ ತಂದು, ನೆರಳು ಎತ್ತ ಬರುತ್ತದೆಂದು ನೋಡಿ ಇಟ್ಟೆ.

ಭಾನುವಾರ ಬೆಳಿಗ್ಗೆ ಸ್ಕೂಟರ್ ಬಂತು. ಶಫಿಯ ಹಿಂದೆ ಸಬೀರಾ ಕೂತಿದ್ದಳು, ಮಡಿಲಲ್ಲಿ ಅಕ್ಕಿ ರೊಟ್ಟಿಯಂಥ ಪತ್ತಿರಿ ಮತ್ತು ಕೋಳಿ ಸಾರಿನ ಡಬ್ಬಿ. ಇಲ್ಲಿಂದ ಹಾಗೇ ವಿರಾಜಪೇಟೆಗೆ ಹೋಗುವುದು ಎಂದ ಶಫಿ. ನಾನು ಕುರ್ಚಿಯೊಂದನ್ನು ಸಬೀರಾಗೆ ಕೊಟ್ಟು ಬಕೆಟ್ ಬೋರಲು ಹಾಕಿ ಕೂತೆ.

"ಅಣ್ಣ, ಮರಕ್ಕೆ ರಾಡ್ ನೇತುಹಾಕಿದ್ದು ನೀವೇ ಅಲ್ವಾ?" ಎಂದಳು ಅವಳು. "ಇವ್ರು ದಿನಾ ನಿಮ್ಮ ಕತೆ ಹೇಳಿ ನಗಿಸ್ತಾರೆ."

ಅವರ ಮನೆಯಲ್ಲಿ ನಾನು ದಿನವೂ ಇರುತ್ತೇನೆ ಎಂದು ಆಗ ಗೊತ್ತಾಯಿತು. ನನಗೆ ಮಾತ್ರ ಸುದ್ದಿ ಇರಲಿಲ್ಲ.

ಶಫಿ ಅವಳ ಕೈಗೆ ಒಂದು ಸಾದಾ ಬಿದಿರ ಗಾಳ ಕೊಟ್ಟ. ಕೂತು ಹತ್ತು ನಿಮಿಷವಾಗಿಲ್ಲ, ಅವಳಿಗೆ ಅಂಗೈಯಗಲದ ಒಂದು ಜಿಲೇಬಿ ಸಿಕ್ಕಿತು. ಅವಳು ಹೆದರಿ ಗಾಳ ಎತ್ತಿದ ರಭಸಕ್ಕೆ ಮೀನು ಹಾರಿ ಅವಳ ದುಪಟ್ಟಾಕ್ಕೇ ಬಿತ್ತು, ಗಾಳ ಬಟ್ಟೆಗೆ ಸಿಕ್ಕಿಕೊಂಡಿತು. ಇಬ್ಬರೂ ಮಲಯಾಳದಲ್ಲಿ ಏನೋ ಹೇಳಿಕೊಂಡು ನಕ್ಕರು. ಶಫಿ ಇಕ್ಕಳ ತೆಗೆದು ಮಂಡಿಯೂರಿ, ಮಾತಾಡದೆ, ಮೆಲ್ಲಗೆ ಗಾಳ ಬಿಡಿಸಿದ. ಬಿಡಿಸಿಯಾದ ಮೇಲೆ ಬೈದ. ನಾನು ಬಕೆಟ್ಟಿನ ಮೇಲೆ ಕೂತು ಫೋನಿನ ಪರದೆ ನೋಡುತ್ತಿದ್ದೆ. ಬಿಸಿಲಿಗೆ ಏನೂ ಕಾಣುತ್ತಿರಲಿಲ್ಲ.

ಅಷ್ಟರಲ್ಲಿ ಅವಳ ಫೋನು ಮೂರನೆಯ ಸಲ ರಿಂಗಾಯಿತು. ಅದು ಅಮ್ಮ, ಊಟಕ್ಕೆ ಕಾಯುತ್ತಿದ್ದಾರೆ, ಸಕ್ಕರೆ ಕಾಯಿಲೆ ಇದೆ, ಆದರೂ ನಾವು ಹೋಗದೆ ಉಣ್ಣುವುದಿಲ್ಲ ಎಂದಳು. ದೂರಿದಂತಿರಲಿಲ್ಲ. ಯಾರದು ಎಂದು ನಾನು ಕೇಳಿದ್ದಕ್ಕೆ ಹೇಳಿದಳು.

ಆಗಲೇ ಮ್ಯಾನೇಜರ್ ಬಾಯಿ ಹಾಕಿದರು. ನನ್ನ ದಾರ ಬಡಗಣ ಮೂಲೆಯಲ್ಲಿ ಬಿಗಿಯಾಗಿ, ರಾಡು ಬಿಲ್ಲಿನಂತೆ ಬಾಗಿತು. ಎಳೆದೆ, ಬರಲಿಲ್ಲ, ಬಿಟ್ಟೆ, ಹೋಗಲಿಲ್ಲ. ಬಿಡಬೇಡ, ಸಡಿಲ ಮಾಡು, ಬಿಗಿ ಮಾಡು ಎಂದು ಶಫಿ ಒಂದೇ ಉಸಿರಿಗೆ ಎಲ್ಲ ಸಲಹೆಯನ್ನೂ ಕೊಟ್ಟ. ರಾಡನ್ನು ಅವನಿಗೆ ಕೊಟ್ಟೆ. ಅವನು ಮಂಡಿವರೆಗೆ ಇಳಿದ, ನಾನು ಅವನ ಸೊಂಟ ಹಿಡಿದುಕೊಂಡೆ, ಸಬೀರಾ ನನ್ನ ಅಂಗಿಯ ಬೆನ್ನು ಹಿಡಿದುಕೊಂಡಳು. ಇಂಚಿಂಚಾಗಿ ಅದು ಮೇಲೆ ಬರತೊಡಗಿತು. ಬಹಳ ಭಾರ. ಕೊನೆಗೆ ನೀರು ಬಿರಿದು, ಪಾಚಿ ಹಿಡಿದ ದುಂಡನೆಯ ಕರಿಯ ತಲೆಯೊಂದು ಎದ್ದಿತು. ಮುಖದ ತುಂಬ ತೂತು. ಹಿಂದೆ ಉದ್ದಕ್ಕೆ ಕಪ್ಪು ಬಾಲ.

"ಇದ್ಯಾವ ಮೀನು?" ಎಂದಳು ಸಬೀರಾ.

ಶಫಿ ಬೆರಳಿನಿಂದ ಅದರ ಪಾಚಿ ಒರೆಸಿ, "ಫುಟ್‌ವಾಲ್ವು," ಎಂದ. "ಎರಡೂವರೆ ಇಂಚಿಂದು."

ಮೋಟಾರಿನ ಪೈಪಿನ ತುದಿಗೆ, ನೀರೊಳಗೆ ಮುಳುಗಿರುವ ಜಾಲರಿ ಅದು. ನಾನು ಕೆಲಸಕ್ಕೆ ಸೇರುವ ಮೊದಲು ಪಂಪ್ ಹೌಸು ಈ ದಂಡೆಯಲ್ಲಿತ್ತಂತೆ. ಹೊಸದು ಆಚೆ ಕಟ್ಟಿದಾಗ ಹಳೆಯ ಪೈಪು ಮುಳುಗಿದ್ದು ಹಾಗೇ ಉಳಿದಿತ್ತು. ನಾನು ಇಷ್ಟು ವಾರ ರಾಗಿ ಮುದ್ದೆ ಉಣಿಸಿದ್ದು, ವಾರದ ಸುದ್ದಿ ಹೇಳಿದ್ದು, ಎಲ್ಲ ಅದಕ್ಕೆ.

ನಕ್ಕೆವು. ಸಬೀರಾ ನನ್ನ ಅಂಗಿ ಬಿಟ್ಟು ನೆಲದಲ್ಲಿ ಕೂತು ನಕ್ಕಳು. ಶಫಿ ನೀರಲ್ಲೇ ನಿಂತು ಕಣ್ಣೊರಸಿಕೊಂಡ. ಎಲ್ಲರಿಗಿಂತ ಜೋರಾಗಿ ನಾನು ನಕ್ಕೆ. ನಮ್ಮ ಗೆಳೆತನದಲ್ಲಿ ನನ್ನ ಡ್ಯೂಟಿ ಅದು. ನಗು ಮುಗಿದ ಮೇಲೆ ಮೂವರೂ ನೀರಿನ ಕಡೆ ನೋಡಿದೆವು. ಕೆರೆಯಲ್ಲಿ ಇನ್ನು ಯಾರೂ ಇರಲಿಲ್ಲ.

ಸ್ಕೂಟರ್ ಹತ್ತುವಾಗ ಸಬೀರಾ ತನ್ನ ಜಿಲೇಬಿಯನ್ನು ಬಾಳೆ ಎಲೆಯಲ್ಲಿ ಸುತ್ತಿ ನನಗೆ ಕೊಟ್ಟಳು. ಅಮ್ಮನ ಮನೆಗೆ ಇಷ್ಟು ಸಣ್ಣದನ್ನು ಒಯ್ದರೆ ನಗುತ್ತಾರೆ ಎಂದಳು. ಶಫಿ ಕೀ ತಿರುಗಿಸಿ, ಸ್ಟಾರ್ಟ್ ಮಾಡದೆ ಕೂತ. "ಮುಂದಿನ ಭಾನುವಾರ..." ಎಂದು ಶುರುಮಾಡಿ ಕನ್ನಡಿಯಲ್ಲಿ ಹೆಂಡತಿಯ ಮುಖ ನೋಡಿದ. ಅವಳು ಫೋನು ನೋಡುತ್ತಿದ್ದಳು. ಅವನು ಬರುತ್ತಿದ್ದ. ನಾನು ಹೂಂ ಎಂದಿದ್ದರೆ ಖಂಡಿತ ಬರುತ್ತಿದ್ದ. ಮೀನಿಲ್ಲ ಎಂದು ಗೊತ್ತಿದ್ದೂ ಬರುತ್ತಿದ್ದ. ವಿರಾಜಪೇಟೆಯಲ್ಲಿ ಒಬ್ಬರು ಊಟದ ತಟ್ಟೆ ಮುಂದಿಟ್ಟುಕೊಂಡು ಕಾಯುತ್ತಿದ್ದರು, ಅಷ್ಟೆ.

"ಮುಂದಿನ ವಾರದಿಂದ ಹೂವಿಗೆ ನೀರು ಹೊಡೀತೀವಿ ಕಣೋ," ಎಂದೆ. "ಮೋಟ್ರು ಸದ್ದಿಗೆ ಒಂದೂ ಕಚ್ಚಲ್ಲ. ನೀನ್ ಬಂದ್ರೆ ದಂಡ."

"ಎಷ್ಟು ದಿವಸ?"

"ಮಳೆ ಬರೋವರ್ಗೂ."

ಕಾಫಿ ಹೂವಿಗೆ ನೀರು ಹೊಡೆಯುವುದು ಕೆಲವೇ ದಿನದ ಕೆಲಸ ಎಂದು ಈ ಕಡೆಯ ಮಕ್ಕಳಿಗೂ ಗೊತ್ತು. ಭಾನುವಾರ ಮೋಟಾರು ಓಡಿಸುವವರೂ ಸಂತೆಯಲ್ಲಿರುತ್ತಾರೆ ಎಂಬುದೂ ಗೊತ್ತು. ಶಫಿ ಎಸ್ಟೇಟುಗಳ ನಡುವೆಯೇ ಹುಟ್ಟಿ ಬೆಳೆದವನು.

"ಹಾಗಾದ್ರೆ ಮಳೆ ಬರ್ಲಿ," ಎಂದು ಸ್ಟಾರ್ಟ್ ಮಾಡಿದ.

ಸದ್ದು ಕಾಫಿ ಗಿಡಗಳ ಹಿಂದೆ ಇಳಿದು, ಡಾಂಬರು ರಸ್ತೆ ಸೇರಿ, ನಿಂತುಹೋಗುವವರೆಗೂ ಕೇಳಿಸಿಕೊಂಡೆ. ಆಮೇಲೆ ಮನೆಗೆ ಬಂದು ಮೀನನ್ನು ತೊಳೆದು, ಖಾರ ಅರಿಶಿನ ಹಚ್ಚಿ, ಕಾವಲಿಗೆ ಹಾಕಿದೆ. ಒಂದು ಬದಿ ಕರಟಿತು. ಅದು ನನ್ನ ಕೈಗುಣ. ಅನ್ನದ ಜೊತೆ ಮುಳ್ಳು ಬಿಡಿಸಿಕೊಂಡು ನಿಧಾನವಾಗಿ ತಿಂದೆ. ಸಣ್ಣ ಮೀನು. ಒಬ್ಬನಿಗೆ ಸರಿಹೋಯಿತು.